ಮಸಿ ಹಚ್ಚದ ಮೂಲೆ

ನನ್ನ ಎಡಗಾಲು ಹುಟ್ಟಿದಾಗಿನಿಂದ ಸೊಟ್ಟ. ಅದಕ್ಕೆ ಕಾರಣ ಸೋಮಯ್ಯ ಮಾಸ್ತರರು ಬರೆದ ಒಂದು ಪದ್ಯ ಎಂದು ನಮ್ಮ ಮನೆಯಲ್ಲಿ ಇಂದಿಗೂ ನಂಬುತ್ತಾರೆ. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರಿಗೂ ಅದನ್ನೇ ಹೇಳಿದರು, ಅವರೂ ಕಾಫಿ ಕುಡಿದು ತಲೆಯಾಡಿಸಿ ಹೋದರು. ಪದ್ಯದಿಂದ ಕಾಲು ಸೊಟ್ಟಗಾಗುವುದಾದರೆ ಈ ಸೀಮೆಯಲ್ಲಿ ನೆಟ್ಟಗೆ ನಡೆಯುವವರು ಯಾರೂ ಇರುತ್ತಿರಲಿಲ್ಲ ಎಂದು ನಾನೆಂದರೆ, ಬಾಯಿಯೂ ಜೋರು, ಅದೂ ಆ ಪದ್ಯದ್ದೇ ಫಲ ಎನ್ನುತ್ತಾರೆ.

ಸೋಮಯ್ಯ ಮಾಸ್ತರರು ನನ್ನ ಅಜ್ಜ ಮೊಣ್ಣಪ್ಪನವರ ಒಡಹುಟ್ಟಿದ ತಮ್ಮ. ನನಗೆ ಚಿಕ್ಕಜ್ಜ ಆಗಬೇಕು. ಅವರ ಮುಖವನ್ನು ನಾನು ಕಂಡವಳಲ್ಲ. ಅವರ ವಿಷಯ ನನಗೆ ಗೊತ್ತಿರುವುದರಲ್ಲಿ ಅರ್ಧ ನಮ್ಮ ಮನೆಯವರ ಬೈಗುಳದಿಂದ ಬಂದದ್ದು, ಉಳಿದರ್ಧ ಅವರ ಹೆಂಡತಿ ಕಮಲಜ್ಜಿ ಹೇಳಿದ್ದು. ಬೈಗುಳದಲ್ಲಿ ಕಂಡದ್ದಕ್ಕಿಂತ ಅವರು ಒಳ್ಳೆಯವರು, ಕಮಲಜ್ಜಿ ಹೇಳಿದ್ದಕ್ಕಿಂತ ಸ್ವಲ್ಪ ಕಡಮೆ ಒಳ್ಳೆಯವರು ಎಂದು ನನ್ನ ಲೆಕ್ಕ.

ಅಣ್ಣತಮ್ಮಂದಿರ ಅಪ್ಪನಿಗೆ ಹಳೆಯ ಕಾವ್ಯ ಓದಿಸುವ ಹುಚ್ಚು. ಸಂಜೆ ಗದ್ದೆಯಿಂದ ಬಂದು ಕೈಕಾಲು ತೊಳೆದರೆ ಮಕ್ಕಳಿಬ್ಬರನ್ನೂ ಕೂರಿಸಿಕೊಂಡು ಭಾಮಿನಿ ಷಟ್ಪದಿಯ ಒಂದು ಸಾಲು ತಾವು ಕಟ್ಟಿ, ಮುಂದಿನದನ್ನು ನೀವು ಕಟ್ಟಿ ಎನ್ನುತ್ತಿದ್ದರಂತೆ. ಮಾತು ಹೊಳೆಯುತ್ತಿದ್ದದ್ದು ಸೋಮಯ್ಯನಿಗೆ. ಅದನ್ನು ರಾಗವಾಗಿ ಹೇಳುತ್ತಿದ್ದದ್ದು ಮೊಣ್ಣಪ್ಪ. ತಮ್ಮ ಕಟ್ಟಿದ್ದನ್ನು ಅಣ್ಣ ಹಾಡಿದರೇ ಅದು ಪದ್ಯ ಅನ್ನಿಸುತ್ತಿತ್ತು ಎಂದು ಚಿಕ್ಕಜ್ಜ ಹೆಂಡತಿಯ ಹತ್ತಿರ ಹೇಳಿಕೊಂಡಿದ್ದರು.

ಬೆಳೆದ ಮೇಲೆ ಅಣ್ಣ ಸಂಪಾಜೆ ಕಡೆಯ ಗದ್ದೆ ತೋಟ ನೋಡಿಕೊಂಡು ಉಳಿದ. ತಮ್ಮ ಓದಿ, ಹುದಿಕೇರಿಯ ಹತ್ತಿರದ ಒಂದು ಶಾಲೆಗೆ ಮಾಸ್ತರನಾಗಿ ಹೋದ. ಆ ಕಾಲದಲ್ಲಿ ಊರಿನ ಟಪಾಲು ಚೀಲವೂ ಮಾಸ್ತರರ ಪಾಲಿಗೇ ಬರುತ್ತಿತ್ತು. ಬೆಳಿಗ್ಗೆ ಮಗ್ಗಿ ಹೇಳಿಸುವುದು, ಮಧ್ಯಾಹ್ನ ಕಾಗದಕ್ಕೆ ಮುದ್ರೆ ಒತ್ತುವುದು. ಓದುಬರಹ ಬಾರದವರಿಗೆ ಕಾಗದ ಬರೆದುಕೊಡುವುದೂ ಅವರ ಕೆಲಸದಲ್ಲೇ ಸೇರಿಹೋಯಿತು.

ಅವರ ಹತ್ತಿರ ಜನ ಹೆಚ್ಚಾಗಿ ಬರೆಸುತ್ತಿದ್ದದ್ದು ಸಾವಿನ ಕಾಗದ. ಹತ್ತಿರದ ಊರಿಗಾದರೆ ಗುಂಡು ಹಾರಿಸಿ ತಿಳಿಸುತ್ತಾರೆ, ಇಲ್ಲವೇ ಆಳು ಓಡುತ್ತಾನೆ. ದೂರದ ನೆಂಟರಿಗೆ ಒಂದು ಕಾರ್ಡು. ಸಾವಿನ ಕಾರ್ಡಿನ ಮೂಲೆಗೆ ಮಸಿ ಹಚ್ಚಬೇಕು. ಮಸಿ ಕಂಡ ಕೂಡಲೇ ಅದು ಯಾವ ಕಾಗದ ಎಂದು ಎಲ್ಲರಿಗೂ ಗೊತ್ತು. ಅದನ್ನು ಮನೆಯೊಳಗೆ ತರುವಂತಿಲ್ಲ. ಅಂಗಳದಾಚೆ ನಿಂತು ನೋಡಿ, ಅಲ್ಲೇ ಹರಿದು ಬಿಸಾಡಿ, ಸ್ನಾನ ಮಾಡಿಯೇ ಒಳಗೆ ಬರಬೇಕು.

ಇಂಥ ಕಾರ್ಡಿನಲ್ಲಿ ಮಾಸ್ತರರು ಪದ್ಯ ಬರೆಯತೊಡಗಿದ್ದು ಚೋಮ ಎಂಬ ಎಸ್ಟೇಟಿನ ಆಳು ಸತ್ತಾಗ. ಮಾಕುಟ್ಟದ ಕಾಡಿಗೆ ಮರ ಎಳೆಯಲು ಹೋಗಿದ್ದ ಚೋಮ ಜ್ವರ ಹಿಡಿದು ಸತ್ತ. ಅವನ ಹೆಂಡತಿ ಮಾರಿ ಶಾಲೆಯ ಜಗಲಿಗೆ ಬಂದು ನಿಂತಳು. ಹಾಸನದ ಕಡೆ ಇದ್ದ ಅತ್ತೆಗೆ ಏನು ಬರೆಯಲಿ ಎಂದು ಕೇಳಿದರೆ ಅವಳಿಗೆ ಅಳುವಲ್ಲದೆ ಮಾತು ಹೊರಡಲಿಲ್ಲ. ಮಾಸ್ತರರು ಅವಳ ಅಳುವನ್ನೇ ಒಂದು ಪದ್ಯ ಮಾಡಿ ಬರೆದರು. ಬರೆದು ಮುಗಿಸಿ ನೋಡಿದರೆ ತಮ್ಮ ಕಣ್ಣಲ್ಲೂ ನೀರು. ಆ ವರ್ಷವೇ ಅವರ ಚೊಚ್ಚಲ ಗಂಡುಮಗು ತೀರಿಹೋಗಿತ್ತು. ಮಗುವಿಗಾಗಿ ಕಮಲಜ್ಜಿ ಹಾಡಿಹಾಡಿ ಅತ್ತಿದ್ದಳು. ಮಾಸ್ತರರಾದವರು ಅಳುವುದು ಹೇಗೆ? ಅವತ್ತಿನಿಂದ ಅವರು ಊರವರ ಸಾವಿನಲ್ಲಿ ತಮ್ಮ ಅಳು ಅಳತೊಡಗಿದರು.

ಹೀಗೆ ವರ್ಷಗಟ್ಟಲೆ ಬರೆದರು. ಯಾರು ಸತ್ತರೂ ಒಂದು ಪದ್ಯ. ಸತ್ತವನು ಪರಮ ಜಿಪುಣನಾದರೂ, ಹೆಂಡತಿಯನ್ನು ಬಡಿಯುತ್ತಿದ್ದವನಾದರೂ ಮಾಸ್ತರರ ಪದ್ಯದಲ್ಲಿ ಊರಿಗೆ ಊರೇ ಅವನಿಗಾಗಿ ಅಳುತ್ತಿತ್ತು. ಬರೆದ ಪದ್ಯವನ್ನು ಅವರು ಮನೆಯಲ್ಲಿ ಹೇಳುತ್ತಿರಲಿಲ್ಲ. ಹೆಣ ಇಲ್ಲದ ಮನೆಯಲ್ಲಿ ಸಾವಿನ ಹಾಡು ಹಾಡಿದರೆ ಸಾವನ್ನು ಕೂಗಿ ಕರೆದಂತೆ ಎಂದು ನಮ್ಮವರ ನಂಬಿಕೆ. ಅದೇ ಭಯಕ್ಕೆ ನಕಲೂ ಇಟ್ಟುಕೊಳ್ಳಲಿಲ್ಲ. ಕಾರ್ಡಿನ ಮೇಲೆ ನೇರವಾಗಿ ಬರೆದು, ಮೂಲೆಗೆ ಮಸಿ ಮುಟ್ಟಿಸಿ, ಚೀಲಕ್ಕೆ ಹಾಕಿ ಕೈ ತೊಳೆದುಕೊಳ್ಳುತ್ತಿದ್ದರು. ಎಲ್ಲೋ ಯಾರದೋ ಅಂಗಳದಾಚೆ ಯಾರೋ ಒಬ್ಬರು ಅದನ್ನು ಓದಿ ಒಂದು ಗಳಿಗೆ ನಿಲ್ಲುತ್ತಾರೆ ಎಂಬುದೇ ಅವರಿಗೆ ಸಾಕಾಗಿತ್ತು. ಉಳಿದವರು ಹೇಗೋ, ಅಣ್ಣನಂತೂ ಓದುತ್ತಾನೆ. ಅಣ್ಣನಿಗೆ ಪದ್ಯದ ಬೆಲೆ ಗೊತ್ತು. ನೆಂಟರ ಪೈಕಿ ಯಾರು ಸತ್ತರೂ ಸಂಪಾಜೆಗೆ ಹೋಗುವ ಕಾರ್ಡನ್ನು ಮಾತ್ರ ಹರಿದು ಹರಿದು ತಿದ್ದಿ ಬರೆಯುತ್ತಿದ್ದರು ಎಂದು ಕಮಲಜ್ಜಿ ಹೇಳಿದಳು.

ಕೊನೆಗೆ ಚಿಕ್ಕಜ್ಜನ ಮನೆಯಲ್ಲೇ ಇದ್ದ ಮುದಿ ಸೋದರತ್ತೆ ತೀರಿಕೊಂಡಳು. ಅಣ್ಣತಮ್ಮಂದಿರಿಬ್ಬರನ್ನೂ ಎತ್ತಿ ಆಡಿಸಿದವಳು. ಚಿಕ್ಕಜ್ಜ ಅವಳ ಮೇಲೆ ಬರೆದ ಪದ್ಯದಷ್ಟು ಚೆನ್ನಾದದ್ದನ್ನು ಅದುವರೆಗೆ ಬರೆದಿರಲಿಲ್ಲವಂತೆ. ಹಾಗೆಂದು ಹೇಳಿದವರು ಅವರೇ, ಬೇರೆ ಸಾಕ್ಷಿ ಇಲ್ಲ. ಕ್ರಿಯೆಯ ದಿನಕ್ಕೆ ನನ್ನ ಅಜ್ಜ ಹೋದರು. ಊಟ ಮುಗಿದು, ಎಲೆ ಅಡಿಕೆ ಹಾಕಿಕೊಂಡು ಕೂತಾಗ ಚಿಕ್ಕಜ್ಜ ಮೆಲ್ಲಗೆ ಕೇಳಿದರು.

"ಅಣ್ಣ, ಪದ್ಯ ಹೆಂಗಿತ್ತ್?"

"ಯಾವ ಪದ್ಯ?"

"ಅತ್ತೆದ್. ಕಾಗದಲಿ ಬರೆದ್ ಕಳ್ಸಿದ್ದೆ ಅಲ್ಲಾ."

ಅಜ್ಜ ಎಲೆಯ ನಾರು ತೆಗೆಯುತ್ತ ತಲೆ ಎತ್ತದೆ ಹೇಳಿದರು: "ಸಾವಿನ ಕಾಗದಲಿ ಓದಿಕೆ ಎಂತ ಉಟ್ಟು? ಮೂಲೆ ಕಪ್ಪಿತ್ತ್. ಹೆಸರ್ ನೋಡ್ದೆ, ಹರ್ದೆ, ಮಿಂದೆ."

"ಇಷ್ಟ್ ವರ್ಷ ಕಳ್ಸಿದ್ದೆಲ್ಲಾ?"

"ಎಲ್ಲಾ ಹಂಗೆ. ನೀ ಮಾಸ್ತರಾಗಿ ನಿಂಗೆ ಅಷ್ಟೂ ಗೊತ್ತಿಲ್ಲೆನಾ?"

ಅಜ್ಜ ಹೇಳಿದ್ದರಲ್ಲಿ ಸುಳ್ಳಿಲ್ಲ, ಕೇಡೂ ಇಲ್ಲ. ನಾನಾದರೂ ಹಾಗೇ ಮಾಡುತ್ತಿದ್ದೆ. ಆದರೆ ಚಿಕ್ಕಜ್ಜ ಆ ಮಾತು ಹಿಡಿದು ಲೆಕ್ಕ ಹಾಕಿದರು. ಅಣ್ಣನೇ ಓದದ ಮೇಲೆ ಹಾಸನದ ಅತ್ತೆ ಓದಿಸಿಕೊಂಡು ಕೇಳಿರುತ್ತಾಳೆಯೇ? ಇಷ್ಟು ವರ್ಷ ಬರೆದದ್ದೆಲ್ಲ ಹೋಗಿ ಬೇಲಿಯ ಬದಿಯಲ್ಲಿ ಚೂರಾಗಿ ಬಿದ್ದದ್ದು ಅವರಿಗೆ ಅವತ್ತು ಗೊತ್ತಾಯಿತು. ಜೀವಮಾನದಲ್ಲಿ ಒಂದೇ ಒಂದು ಪದ್ಯವನ್ನು ಅಣ್ಣ ಮೊದಲಿಂದ ಕೊನೆಯವರೆಗೆ ಓದಬೇಕು ಎಂಬ ಹಟ ಅವರಲ್ಲಿ ಅಲ್ಲಿಂದಲೇ ಹುಟ್ಟಿತು ಎಂದು ಕಾಣುತ್ತದೆ.

ಸಾವಿರದ ಒಂಬೈನೂರ ಇಪ್ಪತ್ನಾಲ್ಕು, ದೊಡ್ಡ ನೆರೆ ಬಂದ ವರ್ಷ. ಚಿಕ್ಕಜ್ಜನಿಗೆ ಉಳಿದಿದ್ದ ಒಬ್ಬಳೇ ಮಗಳು ಯಮುನ. ಅವಳ ಗಂಡ ಚೆಟ್ಟಳ್ಳಿಯ ಕಡೆ ಒಬ್ಬ ಬಿಳಿ ದೊರೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಮಳೆಗಾಲದ ನಡುವಿನಲ್ಲಿ ಯಮುನಳಿಗೆ ಚಳಿಜ್ವರ ಬಂತು. ಕಮಲಜ್ಜಿ ಹೋಗಿ ಶುಶ್ರೂಷೆ ಮಾಡಿದಳು, ಮಾಸ್ತರರು ಶಾಲೆ ಮುಚ್ಚಿ ಓಡಿದರು. ಏನೂ ನಡೆಯಲಿಲ್ಲ. ಇಪ್ಪತ್ತು ತುಂಬದ ಹುಡುಗಿಯನ್ನು ಮಳೆಗೆ ತಗಡು ಮರೆಮಾಡಿ ಸುಟ್ಟರು.

ಸುಟ್ಟು ಬಂದು, ಮಿಂದು, ಮಾಸ್ತರರು ಅಳಿಯನ ಮೇಜಿನ ಹತ್ತಿರ ಕೂತು ಕಾರ್ಡು ಕೇಳಿದರು. ಒಳಗೆ ಕಮಲಜ್ಜಿ ಗೋಡೆಗೆ ಒರಗಿ, ಮಗಳ ಹೆಸರು ಹಿಡಿದು ಅಳುತ್ತಿದ್ದಳು. ಮಾಸ್ತರರು ಒಂದು ಸಾಲನ್ನೂ ತಿದ್ದದೆ ಬರೆದರು. ವಿಳಾಸ ಸಂಪಾಜೆಯ ಅಣ್ಣನದು. ಅಳಿಯ ಮಸಿಯಲ್ಲಿ ಬೆರಳದ್ದಿ ಕಾರ್ಡಿನ ಮೂಲೆಗೆ ಕೈ ಚಾಚಿದ. ಮಾಸ್ತರರು ಕಾರ್ಡನ್ನು ಆಚೆ ಎಳೆದುಕೊಂಡರು.

"ಮಾವ, ಮೂಲೆಗೆ ಮಸಿ ಹಚ್ಚೊಕು."

"ಬೊಡ."

"ಒಳಗೆ ತಕ್ಕೊಂಡ್ ಹೋದರೆ?"

"ಹೋಗ್ಲಿ," ಎಂದರು ಮಾಸ್ತರರು.

ಮರೆತು ಮಾಡಿದ ತಪ್ಪಲ್ಲ ಅದು. ನಮ್ಮ ಮನೆಯವರು ಚಿಕ್ಕಜ್ಜನಿಗೆ ಹಾಕುವ ಶಾಪದಲ್ಲಿ ನನಗೆ ಒಪ್ಪಿಗೆಯಾಗುವ ಮಾತು ಇದೊಂದೇ. ಅವರು ಗೊತ್ತಿದ್ದೇ ಮಾಡಿದರು. ಸಂಪಾಜೆಯಲ್ಲಿ ಅಣ್ಣನ ಸೊಸೆ ಬಸುರಿ ಎಂದು ಅವರಿಗೆ ಸುದ್ದಿ ಬಂದಿತ್ತು. ಆದರೂ ಮಾಡಿದರು. ದುಃಖ ಬಂದವನಿಗೆ ಬೇರೆ ಯಾರೂ ಕಾಣುವುದಿಲ್ಲ. ಪದ್ಯ ಬರೆಯುವವನಿಗೆ ದುಃಖ ಬಂದರೆ ಕೇಳುವುದೇ ಬೇಡ.

ಆ ಬಸುರಿ ಸೊಸೆ ನನ್ನ ಅವ್ವ ಸರ್ವಮಂಗಳ. ಹೊಟ್ಟೆಯಲ್ಲಿ ಇದ್ದವಳು ನಾನು. ನೆರೆಗೆ ಸೇತುವೆಗಳು ಹೋಗಿ, ಜನ ಓಡಾಡುವುದು ನಿಂತು, ಟಪಾಲು ಮಾತ್ರ ಹೇಗೋ ತಡವಾಗಿ ಬರುತ್ತಿತ್ತು. ಟಪಾಲಿನ ಕಾಳ ಕಾರ್ಡನ್ನು ಜಗಲಿಯವರೆಗೂ ತಂದುಕೊಟ್ಟ. ಮೂಲೆ ಶುಭ್ರವಾಗಿತ್ತು. ಅಜ್ಜ ನೋಡಿದರು: ತಮ್ಮನ ಅಕ್ಷರ, ಅದರಲ್ಲೂ ಪದ್ಯ. ಸೊಸೆಯ ಸುದ್ದಿ ತಿಳಿದು ಹರಸಿ ಬರೆದಿದ್ದಾನೆ ಎಂದುಕೊಂಡರು. ಎಷ್ಟೋ ವರ್ಷದ ಮೇಲೆ ಅವರಿಗೂ ಆಸೆ ಹುಟ್ಟಿತು. ಮನೆಯವರನ್ನೆಲ್ಲ ಕರೆದು, ನನ್ನ ಅವ್ವನನ್ನು ದೇವರ ದೀಪದ ಹತ್ತಿರ ಮಣೆ ಹಾಕಿ ಕೂರಿಸಿ, ಗಂಟಲು ಸರಿಮಾಡಿಕೊಂಡು ರಾಗವಾಗಿ ಓದಿದರು.

ಮುಡಿದ ಮಲ್ಲಿಗೆ ಬಾಡದಿರಲೀ
ನಡೆವ ಹಾದಿಯ ಮುಳ್ಳು ಸರಿಯಲಿ
ಹಡೆದ ತಾಯಿಯ ಮಡಿಲು ತೂಗಲಿ ತೊಟ್ಟಿಲಂದದಲಿ
ಬಿಡದೆ ಹಾಡಲಿ ಜೋಗುಳವ ಮನೆ
ಯೊಡತಿ ದೀಪವ ಸಣ್ಣ ಮಾಡಲಿ
ಸುಡುವ ಸೌದೆಯ ಮೇಲೆ ಮಲಗಿದಳೆನ್ನ ಮಗಳಿಂದು

ಮಲ್ಲಿಗೆಯ ಸಾಲಿಗೆ ಹೆಂಗಸರು ನಕ್ಕರಂತೆ. ತೊಟ್ಟಿಲ ಸಾಲಿಗೆ ಅವ್ವ ನಾಚಿ ತಲೆ ತಗ್ಗಿಸಿದಳಂತೆ. ರಾಗದ ಓಟದಲ್ಲಿ ಅಜ್ಜ ಕೊನೆಯ ಸಾಲನ್ನೂ ಪೂರ್ತಿ ಹಾಡಿಬಿಟ್ಟರು. ಏನು ಹಾಡಿದೆ ಎಂದು ಅವರಿಗೆ ತಿಳಿದದ್ದು ಹಾಡಿ ಮುಗಿದ ಮೇಲೆ. "ಮಾವ, ಯಮುನನಾ?" ಎಂದು ಅವ್ವ ಕೇಳಿದಳು. ಅಜ್ಜಿ ಅವಳನ್ನು ರಟ್ಟೆ ಹಿಡಿದು ಎಬ್ಬಿಸಿ ಆಚೆ ಕರೆದುಕೊಂಡು ಹೋದಳು. ಅಜ್ಜ ಕಾರ್ಡನ್ನು ಅಂಗಳದಾಚೆ ಒಯ್ದು ಹರಿದರು. ಮನೆಯೆಲ್ಲ ತೊಳೆದರು, ಎಲ್ಲರೂ ಮಿಂದರು. ಯಮುನಳಿಗಾಗಿ ಅಳಲು ಅವತ್ತು ಯಾರಿಗೂ ಪುರುಸೊತ್ತು ಸಿಗಲಿಲ್ಲ.

ದಾರಿ ತೆರೆದ ಮೇಲೆ ಅಜ್ಜ ನಮ್ಮ ನೆಂಟ ಬೋಜಪ್ಪನನ್ನು ಹುದಿಕೇರಿಗೆ ಕಳಿಸಿದರು. "ಅಣ್ಣ ಸತ್ತ ಅಂತ ಅವಂಗೆ ಹೇಳ್. ಬೇಕಾದ್ರೆ ಅದಕ್ಕೂ ಒಂದ್ ಪದ್ಯ ಬರೀಲಿ," ಎಂಬುದು ಹೇಳಿ ಕಳಿಸಿದ ಮಾತು. ಬೋಜಪ್ಪ ಹಾಗೇ ಹೋಗಿ ಒಪ್ಪಿಸಿದ. ಚಿಕ್ಕಜ್ಜ ಬೇರೆಯದೇ ಕೇಳಿದರು.

"ಅಣ್ಣ ಪೂರ್ತಿ ಓದ್ದನಾ?"

"ಓದ್ದ. ರಾಗಲಿ ಓದ್ದ."

"ಹೆಂಗಿತ್ತ್ ಅಂತ ಹೇಳ್ದನಾ?"

ಬೋಜಪ್ಪ ಒಳ್ಳೆಯ ಮನುಷ್ಯ. ಅವನು ಟೊಪ್ಪಿ ಹಾಕಿಕೊಂಡು ಎದ್ದು ಬಂದ.

ಆಮೇಲೆ ನಾನು ಹುಟ್ಟಿದೆ, ಸೊಟ್ಟಗಾಲಿನೊಂದಿಗೆ. ಪದ್ಯದ್ದೇ ಫಲ ಎಂದು ಸಂಪಾಜೆಯಲ್ಲಿ ಮಾತು ಮುಗಿಯಿತು. ಅತ್ತ ಹುದಿಕೇರಿಯಲ್ಲಿ ಚಿಕ್ಕಜ್ಜ ಪದ್ಯ ಬರೆಯುವುದನ್ನು ನಿಲ್ಲಿಸಿದರು. ಯಾರು ಸತ್ತರೂ ಒಂದೇ ಸಾಲು: ಇಂಥವರು ಇಂಥ ದಿನ ತೀರಿಕೊಂಡರು, ಕ್ರಿಯೆ ಇಂಥ ದಿನ. ಮೂಲೆಗೆ ಮಸಿ. ಮಾಸ್ತರರು ಪದ್ಯ ಬಿಟ್ಟದ್ದು ಊರಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಕಾಗದ ಬೇಗ ಬರೆದು ಮುಗಿಸುತ್ತಾರೆ, ಈಗ ಕಾಯಬೇಕಾಗಿಲ್ಲ ಎಂದು ಜನಕ್ಕೆ ಸಂತೋಷವೇ ಆಯಿತು. ಅಳು ಒಳಗೇ ಉಳಿದ ಮನುಷ್ಯ ಹೇಗಾಗುತ್ತಾನೋ ಹಾಗಾದರು. ಶಾಲೆಯಲ್ಲಿ ಹೊಡೆತ ಜಾಸ್ತಿಯಾಯಿತು, ಮನೆಯಲ್ಲಿ ಮಾತು ಕಡಮೆಯಾಯಿತು ಎಂದು ಕಮಲಜ್ಜಿ ಹೇಳಿದಳು.

ನನಗೆ ಬುದ್ಧಿ ಬಂದಿದ್ದ ಒಂದು ಬೇಸಿಗೆಯಲ್ಲಿ ಸಂಪಾಜೆಗೆ ಒಂದು ಕಾರ್ಡು ಬಂತು. ಮೂಲೆ ಕಪ್ಪು. ಅಜ್ಜ ಕೋಲೂರಿಕೊಂಡು ಬೇಲಿಯ ತಡಮೆಯವರೆಗೆ ನಡೆದು ಹೋಗಿ ತೆಗೆದುಕೊಂಡರು. ಬರೆದವರು ಹೊಸ ಮಾಸ್ತರರು ಪೂವಯ್ಯ, ಬರೆದದ್ದು ಒಂದೇ ಸಾಲು: ಸೋಮಯ್ಯ ಮಾಸ್ತರರು ತೀರಿಕೊಂಡರು. ಅಜ್ಜ ನೋಡಿದರು, ಹರಿದರು. ಯಾರು ಎಂದು ಅಜ್ಜಿ ಒಳಗಿನಿಂದ ಕೇಳಿದಳು. ಸೋಮಯ್ಯ ಎಂದಷ್ಟೇ ಹೇಳಿ ಅಂಗಳದ ಬದಿಯಿಂದಲೇ ಬಚ್ಚಲಿಗೆ ಹೋದರು. ಅವರಿಗೆ ಟವಲು ಕೊಡಲು ನಾನು ಬಚ್ಚಲ ಹೊರಗೆ ನಿಂತಿದ್ದೆ.

ಒಳಗೆ ತಂಬಿಗೆಯಿಂದ ನೀರು ಸುರಿಯುವ ಸದ್ದು. ಅದರ ನಡುವೆ ಅಜ್ಜನ ಮುದಿ ಗಂಟಲು. ಮುಡಿದ ಮಲ್ಲಿಗೆ ಬಾಡದಿರಲೀ ನಡೆವ ಹಾದಿಯ ಮುಳ್ಳು ಸರಿಯಲಿ. ಒಂದಕ್ಷರ ತಪ್ಪದೆ ಕೊನೆಯವರೆಗೆ ಹಾಡಿದರು, ಮತ್ತೆ ಮೊದಲಿಂದ ಹಾಡಿದರು. ಒಂದೇ ಸಲ ಓದಿ ಹರಿದು ಹಾಕಿದ ಪದ್ಯ ಅದು. ನನ್ನ ಕಾಲಿಗೆ ಕಾರಣ ಎಂದು ಮನೆಯವರೆಲ್ಲ ಬೈದುಕೊಂಡು ತಿರುಗುತ್ತಿದ್ದ ಆ ಪದ್ಯ ಏನು ಎಂದು ನನಗೆ ಗೊತ್ತಾದದ್ದೇ ಅವತ್ತು. ನಿಂತಲ್ಲೇ ನನಗೂ ಬಾಯಿಗೆ ಬಂತು. ಅಜ್ಜ ಹೊರಗೆ ಬಂದಾಗ ಕಣ್ಣು ಕೆಂಪಗಿತ್ತು. ಅತ್ತದ್ದಲ್ಲ, ಬಚ್ಚಲ ಹೊಗೆ ಎಂದು ಬೇಕಾದವರು ಎನ್ನಬಹುದು.

"ಅಜ್ಜ, ಆ ಪದ್ಯ ಎಷ್ಟ್ ಲಾಯ್ಕ್ ಉಟ್ಟು," ಎಂದೆ.

"ಯಾವ ಪದ್ಯ?" ಎಂದರು. ಟವಲು ತೆಗೆದುಕೊಂಡು ಒಳಗೆ ಹೋದರು. ತಮ್ಮನ ಕ್ರಿಯೆಗೆ ಹೋಗಲಿಲ್ಲ.

ಚಿಕ್ಕಜ್ಜ ಬದುಕಿದ್ದಾಗ ಈ ಮನುಷ್ಯ ಒಂದು ಕಾರ್ಡು ಹಾಕಬಹುದಿತ್ತು. ಪದ್ಯ ಚೆನ್ನಾಗಿದೆ, ನೀನು ಮಾಡಿದ್ದು ಕೆಟ್ಟ ಕೆಲಸ, ಎರಡನ್ನೂ ಬರೆಯಬಹುದಿತ್ತು. ಎರಡೂ ನಿಜವೇ. ಇಷ್ಟು ಹೇಳಲು ಬಾಯಿ ಬಾರದವರು ರಾಗವಾಗಿ ಹಾಡಿ ಏನು ಬಂತು ಎಂದು ನನಗೆ ಈಗಲೂ ಸಿಟ್ಟು ಬರುತ್ತದೆ.

ಮದುವೆಯಾಗದವಳಾದ್ದರಿಂದ ನನ್ನನ್ನು ಓದಿಸಿದರು. ಅಷ್ಟು ಉಪಕಾರ ಈ ಕಾಲಿನಿಂದ ಆಯಿತು. ಟೀಚರ್ ಆಗಿ ನನ್ನನ್ನು ಹಾಕಿದ್ದು ಹುದಿಕೇರಿಯ ಕಡೆಗೇ. ಮನೆಯಲ್ಲಿ ಹೇಳದೆ ಒಂದು ಭಾನುವಾರ ಕಮಲಜ್ಜಿಯನ್ನು ಹುಡುಕಿಕೊಂಡು ಹೋದೆ. ಶಾಲೆಯ ಹಿಂದಿನ ಸಣ್ಣ ಮನೆಯ ಜಗಲಿಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ನಾನು ಗೇಟು ದಾಟಿ ಬರುವ ನಡಿಗೆಯನ್ನೇ ನೋಡಿದಳು.

"ಮೊಣ್ಣಪ್ಪ ಭಾವನ ಮೊಮ್ಮಗಳಾ?"

"ಹೌದಜ್ಜಿ. ಚಿನ್ನ."

"ಬಾ, ಕೂರ್," ಎಂದಳು. ಕಾಲಿನ ವಿಷಯ ಎತ್ತಲಿಲ್ಲ. ಬೆಲ್ಲದ ಕಾಫಿ ಕೊಟ್ಟಳು. ಆಮೇಲೆ ಎಷ್ಟೋ ಭಾನುವಾರ ಹೋದೆ, ಇಲ್ಲಿ ಬರೆದದ್ದನ್ನೆಲ್ಲ ಅವಳು ಚೂರುಚೂರಾಗಿ ಹೇಳಿದಳು. ಕೊನೆಗೊಂದು ದಿನ ನಾನು, ಆ ಪದ್ಯ ನನಗೆ ಬರುತ್ತದೆ, ಹೇಳಲೇ ಎಂದು ಕೇಳಿದೆ.

ಅಜ್ಜಿಯ ಕೈ ಮೊರದ ಮೇಲೆ ನಿಂತಿತು. "ಅದಲಿ ಎಂತ ಬರೆದಿತ್ತ್?" ಎಂದಳು.

ನನಗೆ ಒಂದು ಗಳಿಗೆ ಅರ್ಥವಾಗಲಿಲ್ಲ. "ನಿಮಗೆ ಗೊತ್ತಿಲ್ಲೆನಾ?"

"ನಂಗೆ ಯಾರ್ ಹೇಳ್ದೊ? ಓದಿಕೆ ನಂಗೆ ಬಾರದು. ಅವರ್ನೇ ಕೇಳ್ದೆ ಒಂದ್ಸಲ. ‘ನಿಂಗೆ ಅದೆಲ್ಲ ಎಂತಕೆ’ ಅಂತ ಹೇಳ್ದೊ."

ಮಗಳು ಸತ್ತ ದಿನ ಅವಳು ಗೋಡೆಯ ಈಚೆಗೆ ಇದ್ದಳು. ಪದ್ಯ ಬೆಟ್ಟ ಹೊಳೆ ದಾಟಿ ಸಂಪಾಜೆಗೆ ಹೋಯಿತು, ಗೋಡೆ ದಾಟಿ ಬರಲಿಲ್ಲ. ನಾನು ಹಾಡಲು ಅಂಗಳಕ್ಕೆ ಇಳಿಯಲು ಎದ್ದೆ. ಸಾವಿನ ಹಾಡನ್ನು ಮನೆಯೊಳಗೆ ಹಾಡಬಾರದಲ್ಲ. ಅಜ್ಜಿ ಕೈ ಹಿಡಿದು ಕೂರಿಸಿದಳು.

"ಇಲ್ಲೇ ಹಾಡ್. ಈ ಮನೆಲಿ ಸಾಯಿಕೆ ಇನ್ನ್ ಯಾರ್ ಉಟ್ಟು."

ಹಾಡಿದೆ. ಅವಳು ಅಕ್ಕಿಯಲ್ಲಿ ಕಣ್ಣಿಟ್ಟು ಕೇಳಿದಳು. ಇನ್ನೊಂದು ಸಲ ಎಂದಳು. ಇನ್ನೊಂದು ಸಲ ಹಾಡಿದೆ. ಅಳುತ್ತಾಳೆ ಎಂದು ಕಾದೆ, ಅಳಲಿಲ್ಲ. ಅಕ್ಕಿಯಲ್ಲಿ ಸಿಕ್ಕಿದ ಕಲ್ಲೊಂದನ್ನು ಎತ್ತಿ ಅಂಗಳಕ್ಕೆ ಎಸೆದಳು.

"ಯಮುನಂಗೆ ಮಲ್ಲಿಗೆ ಆಗ್ದು," ಎಂದಳು. "ವಾಸನೆ ಬಡ್ದರೆ ತಲೆನೋವು. ಮದುವೆ ದಿನವೂ ಮುಡ್ದಿತ್ತಿಲ್ಲೆ. ಅವಳ್ ಮುಡಿತಿದ್ದದ್ದ್ ಡೇರೆ ಹೂ. ಕೆಂಪಿಂದ್, ಇಷ್ಟ್ ದೊಡ್ಡದ್."

ಎರಡೂ ಕೈ ಸೇರಿಸಿ ಹೂವಿನ ಅಳತೆ ತೋರಿಸಿದಳು. ಚಿಕ್ಕಜ್ಜನಿಗೆ ಅದು ಗೊತ್ತಿರಲಿಲ್ಲವೇ ಎಂದು ಕೇಳಿದೆ.

ಕಮಲಜ್ಜಿ ಮೊರ ಎತ್ತಿಕೊಂಡು ಮತ್ತೆ ಅಕ್ಕಿ ಆರಿಸತೊಡಗಿದಳು.

"ನನ್ನ ಕೇಳಿದ್ರೆ ಹೇಳ್ತಿದ್ದೆ," ಎಂದಳು.